ಮನೆ ಮೇಲಿನ ಕೊಸರು

ಒಂದು ಕೆ.ಜಿ. ಅವರೆಕಾಯಿ ಕೊಂಡರೂ ಮೇಲೊಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಚೀಲದ ಬಾಯಿ ಮುಚ್ಚದ ಜನ ನಾವು. ಇಂಥವರು ಜೀವಮಾನಕ್ಕೊಂದು ಮನೆ ಕೊಳ್ಳುವಾಗ ಕೊಸರು ಕೇಳದೆ ಬಿಟ್ಟಾರೆಯೇ? ಆ ಕೊಸರನ್ನು ಕೊಡುವ, ಕೊಡದಿರುವ, ಕೆಲವೊಮ್ಮೆ ಕೊಟ್ಟಂತೆ ಮಾಡುವ ಕೆಲಸದಲ್ಲಿ ನನ್ನ ಕೂದಲು ನೆರೆಯಿತು. ನೆರೆತದ್ದು ಉದುರಿಯೂ ಹೋಯಿತು.

ಮಂಡ್ಯದ ಒಬ್ಬ ಬಿಲ್ಡರ್ ಹತ್ತಿರ ಮನೆ ಮಾರುವ ಕೆಲಸದಲ್ಲಿದ್ದವನು ನಾನು. ಹೆಸರು ಮೂರ್ತಿ. ಹುಟ್ಟಿದ್ದು ಮಳವಳ್ಳಿಯ ಅರ್ಚಕರ ಮನೆಯಲ್ಲಿ. ಅಪ್ಪ ದೇವರಿಗೆ ಮಂಗಳಾರತಿ ಎತ್ತಿದರು, ನಾನು ಗಿರಾಕಿಗಳಿಗೆ ಎತ್ತಿದೆ. ದೇವರೇ ವಾಸಿ, ತಟ್ಟೆ ಹಿಡಿದವನನ್ನು ಮೇಲಿಂದ ಕೆಳಗೆ ನೋಡಿ "ಇನ್ನೇನ್ ಕೊಡ್ತೀರಾ?" ಎಂದು ಕೇಳುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ನನಗೆ ಫೋನು ಮಾಡುತ್ತಾರೆ. "ಸಾರ್, ಟ್ರೇನಿಂಗಲ್ಲಿ ಎಲ್ಲಾ ಹೇಳ್ಕೊಟ್ರು. ಆದ್ರೂ ಗಿರಾಕಿ ಮುಂದೆ ಕೂತ್ರೆ ಬಾಯಿ ಒಣಗುತ್ತೆ" ಅನ್ನುತ್ತಾರೆ. ಒಣಗಲಿ, ಒಳ್ಳೆಯದೇ. ಬಾಯಿ ಒಣಗಿದವನು ಕಡಿಮೆ ಮಾತಾಡುತ್ತಾನೆ, ಕಡಿಮೆ ಮಾತಾಡುವವನ ಕಿವಿಗೆ ನಾಲ್ಕು ಮಾತು ಬೀಳುತ್ತವೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಸಂಬಳ ಏರಿತು, ಯಾವಾಗ ಮೇಜಿನ ಮೇಲೆ ಮ್ಯಾನೇಜರ್ ಎಂಬ ಹಲಗೆ ಬಂತು ಎಂದು ಬರೆದರೆ ನನ್ನ ಹೆಂಡತಿಯೂ ಓದುವುದಿಲ್ಲ. ಆದ್ದರಿಂದ ಕೊಸರಿನ ಕಥೆ ಮಾತ್ರ.

ನಮ್ಮ ಯಜಮಾನರು ರಾಜಣ್ಣ ಅಂತ. ಕೆರಗೋಡು ಕಡೆಯ ಒಕ್ಕಲು ಮನೆತನ. ಮೊದಲು ಬೆಲ್ಲದ ಮಂಡಿ ನಡೆಸುತ್ತಿದ್ದವರು ಆಮೇಲೆ ಮನೆ ಕಟ್ಟಿಸುವುದಕ್ಕೆ ಇಳಿದರು. ಸಿಮೆಂಟನ್ನೂ ಬೆಲ್ಲದ ಹಾಗೆ ಎರಡು ಬೆರಳಲ್ಲಿ ಉಜ್ಜಿ, ಮೂಸಿ ನೋಡುತ್ತಿದ್ದರು. ಏನು ಗೊತ್ತಾಗುತ್ತಿತ್ತೋ ಆ ದೇವರೇ ಬಲ್ಲ. ಅವರ ಒಂದೇ ಒಂದು ನಿಯಮವೆಂದರೆ ಹೇಳಿದ ಬೆಲೆ ಇಳಿಸಬಾರದು. "ರೇಟು ಅಂದ್ರೆ ಕಟ್ಕಂಡ್ ಎಂಡ್ತಿ ಎಸ್ರು ಇದ್ದಂಗೆ ಕಣ್ರೀ ಮೂರ್ತಿ. ದಿನಕ್ಕೊಂದು ಕರೆಯಕ್ಕಾಯ್ತದಾ?" ಎನ್ನುತ್ತಿದ್ದರು.

ಇದರ ಹಿಂದೆ ಲೆಕ್ಕವಿತ್ತು. ಒಬ್ಬರಿಗೆ ಬೆಲೆ ಇಳಿಸಿದರೆ ಸಂಜೆಯೊಳಗೆ ಸುದ್ದಿ ಪೇಟೆ ಬೀದಿ ಮುಟ್ಟುತ್ತದೆ. ಮೊದಲೇ ಕೊಂಡವರು "ನಾವೇನ್ ಪಾಪ ಮಾಡಿದ್ವಿ?" ಎಂದು ಬಾಗಿಲಿಗೆ ಬರುತ್ತಾರೆ. ಮುಂದೆ ಕೊಳ್ಳುವವನು ಇಳಿದ ಬೆಲೆಯಿಂದಲೇ ಚೌಕಾಸಿ ಶುರು ಮಾಡುತ್ತಾನೆ. ಕೊಸರು ಹಾಗಲ್ಲ. ಒಬ್ಬರಿಗೆ ಬಿಸಿನೀರಿನ ಸೋಲಾರ್, ಒಬ್ಬರಿಗೆ ಕಿಟಕಿಗೆ ಸೊಳ್ಳೆ ಪರದೆ, ಇನ್ನೊಬ್ಬರಿಗೆ ದೇವರ ಮನೆಗೆ ತೇಗದ ಬಾಗಿಲು. ಒಂದಕ್ಕೊಂದು ತೂಗಿ ನೋಡುವುದು ಕಷ್ಟ. ಹೀಗಾಗಿ ಬಿಲ್ಡರ್ ಬೆಲೆಯಲ್ಲಿ ಕಲ್ಲು, ಕೊಸರಿನಲ್ಲಿ ಬೆಣ್ಣೆ. ಇದು ತಿಳಿದ ಗಿರಾಕಿ ಕಲ್ಲನ್ನು ಗುದ್ದಿ ಕೈ ನೋಯಿಸಿಕೊಳ್ಳುವುದಿಲ್ಲ.

ಇದನ್ನು ನನಗೆ ಕಲಿಸಿದವರು ಹೊಳಲಿನ ಕೆಂಚೇಗೌಡರು. ಮಗಳಿಗೆಂದು ಮಂಡ್ಯದಲ್ಲಿ ನಮ್ಮ ಮನೆ ಕೊಂಡರು. ಆಗ ಆಫೀಸು ಗೀಫೀಸು ಏನೂ ಇರಲಿಲ್ಲ. ಮರಳಿನ ಗುಡ್ಡೆಯ ಮೇಲೆ ಟವೆಲ್ ಹಾಸಿಕೊಂಡು ಕೂತರೆ ಅದೇ ಆಫೀಸು. ಗೌಡರು ಬೆಲೆಯ ಸುದ್ದಿಯನ್ನೇ ಎತ್ತಲಿಲ್ಲ. ಮನೆಯನ್ನೆಲ್ಲ ಸುತ್ತಿ ಬಂದು, ಇಲ್ಲೊಂದು ಪ್ಲಗ್ಗು, ಅಲ್ಲೊಂದು ನಲ್ಲಿ, ಬಚ್ಚಲಿಗೆ ಒಂದು ಗೂಡು, ಹೀಗೆ ಒಂದೊಂದಾಗಿ ಕೇಳಿದರು. ಎಲ್ಲವೂ ಗೋಡೆಗೆ ಗಾರೆ ಬೀಳುವ ಮುಂಚೆ ಕೇಳಿದವು. ಮೇಸ್ತ್ರಿಗೆ ಅರ್ಧ ದಿನದ ಕೆಲಸ. ಗಾರೆ ಬಿದ್ದ ಮೇಲೆ ಕೇಳಿದ್ದರೆ ಒಂದೊಂದೂ ಒಂದೊಂದು ಜಗಳವಾಗುತ್ತಿತ್ತು. ಹೊಸಬರೇ, ಇದನ್ನು ನೆನಪಿಡಿ. ಗಿರಾಕಿಗೂ ನೀವೇ ಹೇಳಿಬಿಡಿ. ಹೇಳಿದರೆ ಯಜಮಾನರಿಗೆ ನಷ್ಟವಿಲ್ಲ, ನಿಮಗೆ ಮರ್ಯಾದೆ ಉಳಿಯುತ್ತದೆ.

ನೋಂದಣಿ ಮುಗಿದ ವಾರಕ್ಕೆ ಗೌಡರು ಒಂದು ಮೂಟೆ ಹೊಸ ಅಕ್ಕಿ ತಂದು ನಮ್ಮ ಮರಳಿನ ಗುಡ್ಡೆಯ ಪಕ್ಕ ಇಳಿಸಿದರು. "ಇದ್ಯಾಕೆ ಗೌಡ್ರೇ?" ಎಂದೆ.

"ಈಸ್ಕಂಡೋನು ವಸಿ ಕೊಡ್ಬೇಕು ಕನಪ್ಪ. ಕೊಸರು ಒಂದೇ ಕಡೀಕೆ ಓದ್ರೆ ಅದು ಬಿಕ್ಸೆ ಆಯ್ತದೆ" ಎಂದರು.

ರಾಜಣ್ಣ ಆ ಅಕ್ಕಿಯನ್ನು ಮೇಸ್ತ್ರಿಗಳಿಗೂ ನನಗೂ ಹಂಚಿದರು. ಆ ಮಾತನ್ನು ನಾನು ಹಂಚದೆ ಇಟ್ಟುಕೊಂಡೆ.

ಕಾಲ ಬದಲಾಯಿತು. ಮರಳಿನ ಗುಡ್ಡೆ ಹೋಗಿ ಏಸಿ ರೂಮು ಬಂತು. ಅದರ ಹಿಂದೆಯೇ ಬೆಂಗಳೂರಿನಿಂದ ಒಬ್ಬ ಮಾರ್ಕೆಟಿಂಗ್ ಸಲಹೆಗಾರ ಬಂದ. ಚೂಪು ಬೂಟು, ಅದಕ್ಕಿಂತ ಚೂಪು ಮಾತು. ಗಿರಾಕಿ ಕೇಳಿ ಕೊಸರು ಈಸಿಕೊಳ್ಳುವುದು ಹಳೇ ಪದ್ಧತಿ, ಕೇಳುವ ಮೊದಲೇ ನಾವೇ ಆಸೆ ಹುಟ್ಟಿಸಬೇಕು ಎಂದ. ಯುಗಾದಿ ಆಫರ್, ದಸರಾ ಆಫರ್ ಎಂದು ಬಣ್ಣದ ಕಾಗದ ಅಚ್ಚಾದವು. ಮನೆ ಕೊಂಡವರಿಗೆ ಚಿನ್ನದ ನಾಣ್ಯ, ಅಥವಾ ಸ್ಕೂಟರ್, ಅಥವಾ ಪೂರ್ತಿ ಮಾಡ್ಯುಲರ್ ಅಡುಗೆಮನೆ. ಆ ಅಡುಗೆಮನೆಯ ಕಿರೀಟವೆಂದರೆ ಕನ್ನಡಿಯ ಹಾಗೆ ಹೊಳೆಯುವ ಗಾಜಿನ ಒಲೆ. ಸಲಹೆಗಾರ, ರಾಜಣ್ಣ, ನಾನು, ಮೂವರು ಗಂಡಸರು ಏಸಿಯಲ್ಲಿ ಕೂತು ಇದನ್ನು ತೀರ್ಮಾನಿಸಿದೆವು. ಮೂವರಲ್ಲಿ ಒಬ್ಬನೂ ಒಲೆ ಹಚ್ಚಿದವನಲ್ಲ.

ಗಾಜಿನ ಒಲೆ ಸಿಕ್ಕವರಲ್ಲಿ ಮದ್ದೂರಿನ ಒಬ್ಬ ಮೇಷ್ಟ್ರೂ ಇದ್ದರು. ಅವರ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಉಂಡು ಬಂದೆ. ಮಾರನೆಯ ದಿನ ಬಾಡೂಟ. "ನಿಮ್ಗೆ ಸೊಪ್ಪಿನ ಸಾರು ಬೇರೆ ಮಾಡಿಸ್ತೀವಿ, ಬರ್ಲೇಬೇಕು" ಎಂದು ಎಳೆದುಕೊಂಡು ಹೋದರು. ಹೊರಗೆ ಶಾಮಿಯಾನದಡಿ ದೊಡ್ಡ ಅಡುಗೆ ನಡೆದಿತ್ತು. ಒಳಗೆ, ವಯಸ್ಸಾದವರಿಗೂ ನನಗೂ ಎಂದು, ಹೊಸ ಅಡುಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟಿದ್ದರು.

ಎಸರಿನ ಮುಂದೆ ನಿಂತಿದ್ದವರು ಮೇಷ್ಟ್ರ ಚಿಕ್ಕಮ್ಮ ಪುಟ್ಟಮ್ಮ. ಗಟ್ಟಿ ಆಳು. ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ಮುದ್ದೆಗೆ ಹಿಟ್ಟು ಎಂದೇ ಹೇಳುತ್ತಾರೆ. ಹಿಟ್ಟು ತೊಳಸುವುದೆಂದರೆ ಚಮಚದಲ್ಲಿ ಪಾಯಸ ಕಲಕುವುದಲ್ಲ. ಪಾತ್ರೆಯನ್ನು ಅಲುಗದಂತೆ ಅದುಮಿ ಹಿಡಿದು, ಮೊಳದುದ್ದದ ಕೋಲನ್ನು ಎರಡು ಕೈಯಲ್ಲೂ ಹಿಡಿದು, ಮೈಭಾರ ಬಿಟ್ಟು ತಿರುವಬೇಕು. ನಮ್ಮ ಮನೆಯಲ್ಲಿ ಅಮ್ಮ ನಾಲ್ಕು ನಿಂಬೆಹಣ್ಣಿನ ಗಾತ್ರದ ಮುದ್ದೆ ಮಾಡಿದರೆ ಅದೇ ದೊಡ್ಡದು. ಈ ಭಾರದ ಅಂದಾಜು ನನಗೆ ಎಲ್ಲಿಂದ ಬರಬೇಕು? ದಿನಕ್ಕೆರಡು ಹೊತ್ತು ಮುದ್ದೆ ನುಂಗುವ ರಾಜಣ್ಣನಿಗೂ ಇರಲಿಲ್ಲ. ಅವರು ಅದನ್ನು ತಟ್ಟೆಯಲ್ಲಿ ಮಾತ್ರ ಕಂಡವರು.

ಪುಟ್ಟಮ್ಮ ಕೋಲು ಹಾಕಿ ಒಂದು ಸುತ್ತು ತಿರುವಿದರು, ಎರಡನೆಯ ಸುತ್ತಿಗೆ ಒತ್ತಿದರು. ಟಪ್ ಎಂದು ಶಬ್ದ. ಒಲೆಯ ಗಾಜು ಈ ತುದಿಯಿಂದ ಆ ತುದಿಗೆ ಸೀಳಿತು. ಒಳಗಿದ್ದವರೆಲ್ಲ ಬೆಚ್ಚಿದರು. ಪುಟ್ಟಮ್ಮ ಮಾತ್ರ ಮೊದಲು ಗ್ಯಾಸು ಆರಿಸಿ, ಪಾತ್ರೆಯನ್ನು ಹಾಗೇ ನೆಲಕ್ಕಿಳಿಸಿ, ಎರಡು ಪಾದಗಳ ನಡುವೆ ಬಟ್ಟೆ ಕೊಟ್ಟು ಒತ್ತಿ ಹಿಡಿದು, ತೊಳಸುವುದನ್ನು ಮುಗಿಸಿಯೇ ತಲೆ ಎತ್ತಿದರು.

"ಈ ಒಲೆ ಕೊಟ್ಟೋರು ನೀವೇಯಾ?"

"ಹೌದಮ್ಮ" ಎಂದೆ. ಸುಳ್ಳು ಹೇಳಲು ಜಾಗವಿರಲಿಲ್ಲ.

"ಟೀ ಕಾಯ್ಸೋ ಒಲೆ ಮಡಗ್ಬುಟ್ಟು ಸಂಸಾರ ಮಾಡಿ ಅಂದಿದ್ದೀರಲ್ಲ ಸ್ವಾಮಿ! ಇಟ್ಟು ತೊಳ್ಸೋದ್ನ ಯಾವತ್ತಾದ್ರೂ ಕಂಡಿದ್ದೀರಾ?"

ಅಷ್ಟಕ್ಕೇ ಮುಗಿಯಲಿಲ್ಲ. ಊಟಕ್ಕೆ ಕೂತಾಗ ನಾನು ಮುದ್ದೆಯನ್ನು ಅಗಿಯುತ್ತಿರುವುದು ಅವರ ಕಣ್ಣಿಗೆ ಬಿತ್ತು. "ಅಯ್ ಸಿವನೇ, ಅಗೀತಾವ್ರೆ ನೋಡ್ರಮ್ಮ! ನುಂಗಿ ಸ್ವಾಮಿ, ಅದೇನ್ ಚಕ್ಲಿನಾ?" ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಹಲ್ಲಿಗೆ ಮುದ್ದೆ ಅಂಟಿತ್ತು, ನಗು ಚೆನ್ನಾಗಿ ಬರಲಿಲ್ಲ.

ಆಮೇಲೆ ಒಲೆಯ ಗಾಜು ಒಡೆಯಿತೆಂದು ಫೋನುಗಳು ಒಂದರ ಹಿಂದೊಂದು ಬಂದವು. ಸಲಹೆಗಾರ ಇದಕ್ಕೆ 'ಬಳಸುವವರ ತಪ್ಪು' ಎಂದು ಉತ್ತರ ಬರೆದುಕೊಟ್ಟ. ರಾಜಣ್ಣ ಅದನ್ನು ಓದಿಸಿಕೊಂಡು ಕೇಳಿ, "ರಾಗಿ ಉಣ್ಣೋದು ತಪ್ಪಾ ಇವ್ನಿಗೆ? ಮೊದ್ಲು ಅವ್ನ ಬಸ್ ಅತ್ಸಿ" ಎಂದರು. ಎಲ್ಲರಿಗೂ ಗಟ್ಟಿ ಕಬ್ಬಿಣದ ಒಲೆ ಹಾಕಿಸಿಕೊಟ್ಟೆವು. ಸಲಹೆಗಾರ ಹೋದ, ಅವನು ಅಚ್ಚು ಹಾಕಿಸಿದ ಆಫರು ಕಾಗದಗಳು ಮಾತ್ರ ಉಳಿದವು.

ಅದೇ ಕಾಗದವೊಂದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಪುಟ್ಟಮ್ಮ ಒಂದು ಬೆಳಿಗ್ಗೆ ಗೆಜ್ಜಲಗೆರೆಯ ನಮ್ಮ ಹೊಸ ಲೇಔಟಿಗೆ ಬಂದರು. ಜೊತೆಗೆ ಗಂಡ ನಿಂಗಣ್ಣ, ತೀರಾ ಮೆತ್ತನೆಯ ಮನುಷ್ಯ. ನನ್ನನ್ನು ಕಂಡ ಕೂಡಲೇ, "ಓ, ಚಕ್ಲಿ ಸ್ವಾಮಿಗೊಳು!" ಎಂದರು ಪುಟ್ಟಮ್ಮ.

ಆ ದಿನವೇ ನನಗೆ ಅವರ ಕಥೆ ಗೊತ್ತಾದದ್ದು. ಕಾರ್ಖಾನೆಗಳ ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು ಮೆಸ್ ನಡೆಸುತ್ತಿದ್ದರು. ಬಸ್ಸಿನಲ್ಲಿ, ಬೈಕಿನಲ್ಲಿ ಬರುವ ಕೆಲಸಗಾರರಿಗೆ ಮಧ್ಯಾಹ್ನದ ಮುದ್ದೆ ಊಟ. ಈಗ ಜಾಗದ ಮಾಲೀಕ ಅಲ್ಲಿ ಗೋಡೌನು ಕಟ್ಟಬೇಕು, ಶೆಡ್ಡು ಬಿಡಿ ಎಂದಿದ್ದ. ಗಂಡಹೆಂಡತಿ ಇಬ್ಬರ ಬದುಕೂ ಆ ಮೆಸ್ಸೇ. ಚೀಟಿ ಕಟ್ಟಿ ಕೂಡಿಸಿದ್ದು, ಬ್ಯಾಂಕಿನವರು ಕೊಡುತ್ತೇನೆ ಎಂದದ್ದು, ಎಲ್ಲ ಸೇರಿಸಿ ಒಂದು ಮನೆಗಾಗುತ್ತಿತ್ತು. ಮನೆ ಒಂದು ಕಡೆ, ಮೆಸ್ಸಿಗೆ ಜಾಗ ಒಂದು ಕಡೆ ಕೊಳ್ಳುವ ಶಕ್ತಿ ಇರಲಿಲ್ಲ. ಕಾರ್ಖಾನೆಯ ಊಟದ ಬಿಡುವು ಗಿಡ್ಡ. ನಡೆದು ಬಂದು ಉಂಡು ನಡೆದು ಹೋಗುವಷ್ಟು ಹತ್ತಿರ ಜಾಗ ಸಿಗದಿದ್ದರೆ ಉಣ್ಣುವವರು ಬೇರೆ ಕಡೆ ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ.

ನಮ್ಮ ಲೇಔಟಿನಲ್ಲಿ ಆಗ ಮಾರಾಟವಾಗದೆ ಉಳಿದದ್ದು ಒಂದೇ ಮನೆ, ಅದಕ್ಕೊಂದು ಕಾರಣವಿತ್ತು. ಕಾರ್ಖಾನೆಗಳ ಕಡೆಯಿಂದ ನೆಟ್ಟಗೆ ಬರುವ ರಸ್ತೆ ನಮ್ಮ ಕಾಂಪೌಂಡಿಗೆ ಬಂದು ಗುದ್ದಿ ಎಡಕ್ಕೆ ತಿರುಗುತ್ತದೆ. ಗುದ್ದಿದ ಗೋಡೆಯ ಹಿಂದೆಯೇ ಆ ಮನೆಯ ಹಿತ್ತಲು. ರಸ್ತೆ ಕುತ್ತು ಎಂದು ನೋಡಿದವರೆಲ್ಲ ಕೈಮುಗಿದು ಹೋಗಿದ್ದರು. ಗೋಡೆಗೆ ಒಂದು ಗಣಪತಿ ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅರ್ಚಕರ ಮಗನಾದ ನಾನು ಎಷ್ಟು ಜನಕ್ಕೆ ಹೇಳಿದರೂ ಯಾರೂ ಕೂರಿಸಲಿಲ್ಲ. ಅದನ್ನು ದಾಟಿಸಲೆಂದೇ ರಾಜಣ್ಣ ಚಿನ್ನದ ನಾಣ್ಯ, ಸ್ಕೂಟರ್, ಅಡುಗೆಮನೆ ಮೂರನ್ನೂ ಒಟ್ಟಿಗೆ ಕೊಡುತ್ತೇನೆ ಎಂದು ಹೇಳಿದ್ದರು.

ಪುಟ್ಟಮ್ಮ ಮನೆಯೊಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹಿತ್ತಲಿಗೆ ಹೋಗಿ, ಇಟ್ಟಿಗೆ ರಾಶಿ ಹತ್ತಿ, ಕಾಂಪೌಂಡಿನ ಆಚೆ ನೋಡಿದರು. ರಸ್ತೆ ನೆಟ್ಟಗೆ ಅವರ ಎದೆಗೇ ಬರುವಂತೆ ಕಾಣುತ್ತಿತ್ತು. ಅದರ ಕೊನೆಯಲ್ಲಿ ಕಾರ್ಖಾನೆಯ ಗೇಟು.

"ಅಮ್ಮ, ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಇದಕ್ಕೆ ರಸ್ತೆ ಕುತ್ತು..." ಎಂದು ಶುರು ಮಾಡಿದೆ.

"ಬುಡಿ ಸ್ವಾಮಿ. ದಾರಿ ನೆಟ್ಟಗೆ ನಮ್ಮನೆಗೇ ಬಂದ್ರೆ ಉಣ್ಣೋರೂ ನೆಟ್ಟಗೆ ಬತ್ತಾರೆ. ಅದ್ಯಾವ ಕುತ್ತು?" ಎಂದು ಇಳಿದರು.

ಅಪ್ಪ ಕಲಿಸಿದ ಶಾಸ್ತ್ರವನ್ನು ಅಲ್ಲೇ ಮಡಿಸಿಟ್ಟೆ. ರಾಜಣ್ಣನಿಗೆ ಫೋನು ಮಾಡಿ ಕರೆಸಿದೆ.

ರಾಜಣ್ಣ ಬಂದರು. ಹಿತ್ತಲಿನಲ್ಲೇ ಇಟ್ಟಿಗೆಗಳ ಮೇಲೆ ಎದುರುಬದುರು ಕೂತರು. ನಾನು ಆಫರುಗಳನ್ನು ಓದಿದೆ. ಸ್ಕೂಟರ್ ಎಂದಾಗ ನಿಂಗಣ್ಣ ನೆಟ್ಟಗೆ ಕೂತ.

"ಚಿನ್ನದ ಕಾಸು ಬ್ಯಾಡ, ಅಡುಗೆಮನೆ ಮೊದ್ಲೇ ಬ್ಯಾಡ, ಸ್ಕೂಟ್ರು ಬ್ಯಾಡ" ಎಂದರು ಪುಟ್ಟಮ್ಮ.

"ಲೇ, ಸ್ಕೂಟ್ರು ಯಾಕ್ ಬ್ಯಾಡ ಅಂತೀಯೆ?" ಎಂದ ನಿಂಗಣ್ಣ.

"ಸುಮ್ಕಿರಿ. ಅದ್ರ ಮ್ಯಾಲೆ ಕುಂತ್ಕಂಡು ಎಲ್ಗೋದೀರಿ? ರೇಟಲ್ಲಿ ಒಂದ್ ಕಾಸೂ ಕಮ್ಮಿ ಕೇಳಾಕಿಲ್ಲ ಯಜಮಾನ್ರೇ. ನಂಗೆ ಎರಡು ಕೊಸರು ಬೇಕು. ಈ ಇತ್ಲಲ್ಲಿ ಒಂದು ಒಲೆ ಕಟ್ಟೆ, ಮಂಡಿ ಎತ್ತರುಕ್ಕೆ, ಕಲ್ಲು ಚಪ್ಪಡಿ ಆಕಿ. ಆಮೇಲೆ ಅಗೋ, ಆ ಗ್ವಾಡೇಲಿ ಒಂದು ಬಾಗ್ಲು."

ಕಟ್ಟೆಗೆ ರಾಜಣ್ಣ ತಲೆಯಾಡಿಸಿದರು. ಬಾಗಿಲು ಎಂದ ಕೂಡಲೇ ಎದ್ದು ನಿಂತರು. "ಕಾಂಪೌಂಡ್ ಒಡೀಬೇಕಾ? ಸುತ್ತಾ ಗೋಡೆ, ಒಂದೇ ಗೇಟು, ಕಾವಲಿರ್ತಾನೆ ಅಂತ ಏಳಿ ಏಳಿ ಮಿಕ್ಕ ಮನೆ ಮಾರಿದೀನಿ. ನಾಳೆ ಅವ್ರೆಲ್ಲಾ ಬಂದು ನನ್ ಕುತ್ಗೆ ಹಿಡ್ಕಂತಾರೆ. ಆಗಾಕಿಲ್ಲ ಕಣಮ್ಮ. ಬೇಕಾದ್ರೆ ಎರಡು ಚಿನ್ನದ ಕಾಸು ಈಸ್ಕೊ."

"ಕಾಸು ತಕ್ಕಂಡು ಎಸ್ರಿಗಾಕ್ಲಾ?" ಪುಟ್ಟಮ್ಮ ಸೆರಗು ಕೊಡವಿ ಎದ್ದರು. ಕೋಪವೇನೂ ಇರಲಿಲ್ಲ. ಆದರೆ ಮುಖ ಸಣ್ಣಗಾಗಿತ್ತು. "ಬಾಗ್ಲಿಲ್ದೋದ್ರೆ ಇದು ನಂಗೆ ಮನೆ ಅಲ್ಲ ಯಜಮಾನ್ರೇ, ಬರೀ ಮಲಿಕ್ಕಳೋ ಜಾಗ. ಒಲೆ ಆರೋದ್ಮೇಲೆ ಮಲಿಕ್ಕಂಡು ಏನ್ ಮಾಡನ? ಬತ್ತೀವಿ."

ಅವರು ನಿಜವಾಗಿಯೂ ಹೊರಟುಬಿಟ್ಟರು. ಹೊಸಬರಿಗೆ ಒಂದು ಮಾತು. ಎದ್ದು ಹೋಗುವ ನಾಟಕ ಮಾಡುವ ಗಿರಾಕಿ ಬಾಗಿಲ ಬಳಿ ನಿಧಾನಿಸುತ್ತಾನೆ. ಪುಟ್ಟಮ್ಮ ನಿಧಾನಿಸಲಿಲ್ಲ. ಹಿಂದೆ ನಿಂಗಣ್ಣ ಮಾತ್ರ ಒಮ್ಮೆ ತಿರುಗಿ ನೋಡಿದ. ನಾನೂ ಕೂತಲ್ಲಿಂದ ಎದ್ದೆ. ಮಾರಾಟ ತಪ್ಪಿತೆಂದಲ್ಲ, ಅದು ಎಷ್ಟೋ ಸಲ ತಪ್ಪಿದೆ. ಅಷ್ಟು ದೊಡ್ಡ ಬದುಕು ಒಂದು ಬಾಗಿಲಿಗೆ ನಿಂತಿದೆಯಲ್ಲ ಎಂದು.

ಇಟ್ಟಿಗೆ ಚೂರು ತೆಗೆದುಕೊಂಡು ನೆಲದ ಮೇಲೆ ಗೀಚಿದೆ. "ಯಜಮಾನ್ರೇ, ಇಲ್ಲಿ ನೋಡಿ. ಹಿತ್ತಲಿಗೂ ಲೇಔಟಿಗೂ ನಡುವೆ ಒಂದು ಗೋಡೆ ಎಬ್ಬಿಸೋಣ. ಅದರಲ್ಲೊಂದು ಪುಟ್ಟ ಬಾಗಿಲು, ಬೀಗ ಪುಟ್ಟಮ್ಮನ ಕೈಲಿ. ಹೊರಗಿಂದ ಬಂದೋರು ಹಿತ್ತಲಿಗೆ ಬರ್ತಾರೆ, ಉಣ್ತಾರೆ, ಹೋಗ್ತಾರೆ. ಲೇಔಟಿಗೆ ಕಾಲಿಡೋ ಹಾಗೇ ಇಲ್ಲ. ನಾವು ಮನೆ ಮಾರೋವಾಗ ಕೊಟ್ಟ ಮಾತೂ ಉಳೀತು."

ರಾಜಣ್ಣ ಗೀಚಿದ್ದನ್ನು ನೋಡುತ್ತ ನಿಂತರು. ಆಮೇಲೆ ಗೇಟಿನ ಕಡೆ ತಿರುಗಿ ಬೆಲ್ಲದ ಮಂಡಿಯ ಕಾಲದ ಗಂಟಲಲ್ಲಿ ಕೂಗಿದರು: "ಏ ಪುಟ್ಟಮ್ಮಾ! ಬಾ ಇಲ್ಲಿ. ಬಾಗ್ಲು ಎಷ್ಟು ಅಗ್ಲ ಬೇಕು ಏಳು!"

ಪುಟ್ಟಮ್ಮ ತಿರುಗಿ ಬಂದರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ನೋಡಲಿಲ್ಲ ಎಂಬಂತೆ ಇದ್ದೆ. ಕೂತ ಮೇಲೆ ಅವರು ಕೇಳಿದ್ದು ಇಷ್ಟೇ: "ಇದ್ನ ಕರಾರಲ್ಲಿ ಬರ್ಸಿ."

"ನನ್ ಮಾತು ಸಾಲ್ದಾ?" ಎಂದರು ರಾಜಣ್ಣ, ಹುಬ್ಬು ಗಂಟಿಕ್ಕಿ.

"ನಿಮ್ ಮಾತು ಗಟ್ಟಿ ಕಣ್ರೀ. ನಿಮ್ ಮಗನ ಮಾತು ನಂಗೊತ್ತಿಲ್ಲ."

ರಾಜಣ್ಣ ಹಿತ್ತಲು ತುಂಬ ನಕ್ಕರು. ಈಗೇನೋ ಕಾನೂನೇ ಬಂದಿದೆ, ಹೇಳಿದ್ದನ್ನೆಲ್ಲ ಬರೆದು ಕೊಡಬೇಕು. ಕಾನೂನು ಬರುವ ಮೊದಲೇ ಕೇಳಿದವರು ಪುಟ್ಟಮ್ಮ. ಹೊರಡುವಾಗ ನಿಂಗಣ್ಣ ಮೆಲ್ಲಗೆ ನನ್ನ ಹತ್ತಿರ ಬಂದು, "ಸ್ಕೂಟ್ರು ಓಯ್ತು ಬುಡಿ ಸ್ವಾಮಿ. ಅದ್ರ ಜೊತೆ ಒಂದು ಎಲ್ಮೆಟ್ಟು ಕೊಡ್ತೀವಿ ಅಂತ ಬರೆದಿದ್ರಲ್ಲ..." ಎಂದ. ಕೊಡಿಸಿದೆ. ಅವನ ಹಳೇ ಮೊಪೆಡ್ಡಿನ ಮೇಲೆ ಆ ಹೊಸ ಹೆಲ್ಮೆಟ್ಟು ಇಂದಿಗೂ ಓಡಾಡುತ್ತಿದೆ.

ಒಲೆ ಕಟ್ಟೆ ಆದ ದಿನ ರಾಜಣ್ಣ ಚಪ್ಪಲಿ ಬಿಟ್ಟು ಅದರ ಮೇಲೆ ಹತ್ತಿ ನಿಂತು ಎರಡು ಸಲ ಕುಪ್ಪಳಿಸಿದರು. ಮೇಸ್ತ್ರಿ ಬೇಡವೆಂದರೂ ಕೇಳಲಿಲ್ಲ. ಕಲ್ಲು ಅಲುಗಲಿಲ್ಲ. "ಇನ್ನೇನ್ ತೊಳ್ಸಮ್ಮ" ಎಂದು ಇಳಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮೆಸ್ಸು ಚೆನ್ನಾಗಿ ನಡೆಯಿತು. ಕಾರ್ಖಾನೆಯ ಸೈರನ್ ಆದರೆ ಆ ನೆಟ್ಟ ರಸ್ತೆಯಲ್ಲಿ ಜನ ನೆಟ್ಟಗೆ ಬರುತ್ತಿದ್ದರು. ಅಷ್ಟರಲ್ಲಿ ಲೇಔಟಿನವರು ಸಂಘ ಕಟ್ಟಿಕೊಂಡರು. ಅಧ್ಯಕ್ಷರು ಸದಾಶಿವಯ್ಯ, ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಹಿತ್ತಲ ಬಾಗಿಲು ಮುಚ್ಚಿಸಬೇಕೆಂದು ಕಂಪನಿಗೆ ಪತ್ರ ಬಂತು. ಅದು ನನ್ನ ನೌಕರಿಯ ಕೊನೆಯ ತಿಂಗಳು. ರಾಜಣ್ಣ ನನ್ನನ್ನೇ ಕಳಿಸಿದರು.

ಎರಡನೇ ಶನಿವಾರ, ಮಧ್ಯಾಹ್ನ ಹತ್ತಿರ, ಪುಟ್ಟಮ್ಮನ ಮನೆಯ ಮುಂದೆಯೇ ಕುರ್ಚಿ ಹಾಕಿ ಸಭೆ. ನಾನು ಕರಾರು ತೋರಿಸಿದೆ. ಸದಾಶಿವಯ್ಯ ಕನ್ನಡಕ ಸರಿಮಾಡಿಕೊಂಡು ಓದಿದರು. "ಬಾಗಿಲು ಅಂತ ಬರೆದಿದೆ, ಒಪ್ಪಿದೆ. ಮೆಸ್ ಅಂತ ಎಲ್ಲಿ ಬರೆದಿದೆ? ಬಾಗಿಲು ಇರಲಿ, ಬೀಗ ಹಾಕಿ ಇರಲಿ. ಒಗ್ಗರಣೆ ವಾಸನೆ, ಪಾತ್ರೆ ಶಬ್ದ, ಹೊರಗೆ ಸಾಲುಸಾಲು ಬೈಕು. ಇದು ವಾಸದ ಬಡಾವಣೆ" ಎಂದರು. ಕೆಲವರು ತಲೆಯಾಡಿಸಿದರು. ಅವರದೂ ತೀರಾ ತಪ್ಪಲ್ಲ, ಒಪ್ಪಬೇಕು. ನಾನು ಕರಾರನ್ನು ಹಿಂದಕ್ಕೆ ಈಸಿಕೊಂಡು ಚೀಲಕ್ಕಿಟ್ಟೆ.

ಪುಟ್ಟಮ್ಮ ಹೊಸಿಲ ಮೇಲೆ ಕೂತಿದ್ದರು. "ಮುಚ್ಚಿ ಅಂದ್ರೆ ಮುಚ್ತೀನಿ. ಆದ್ರೆ ಇವತ್ತು ಅನ್ನ, ಇಟ್ಟು ಎಲ್ಲಾ ಆಗೋಗದೆ. ಇವತ್ತೊಂದಿನ ಉಂಡ್ಕಂಡೋಗ್ಲಿ" ಎಂದರು. ನಿಂಗಣ್ಣ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದ.

ಆಗ ಹಿತ್ತಲ ಕಡೆಯ ಪುಟ್ಟ ಬಾಗಿಲಿನಿಂದ ಒಬ್ಬ ಮುದುಕಿ ಕೋಲೂರಿಕೊಂಡು ಬಂದರು. ಕೈಗೆ ಸಾರು ಮೆತ್ತಿತ್ತು. ಸದಾಶಿವಯ್ಯನವರು ಕುರ್ಚಿಯಿಂದ ಅರ್ಧ ಎದ್ದರು. ಅದು ಅವರ ತಾಯಿ ತಾಯಮ್ಮ.

"ಅಮ್ಮ, ನೀನು ವಾಕಿಂಗ್ ಹೋಗಿದ್ದೆ ಅಂತ..."

"ವಾಕಿಂಗೂ ಇಲ್ಲ ಗೀಕಿಂಗೂ ಇಲ್ಲ ಕಣ್ಲಾ. ದಿನಾ ಇಲ್ಲೇ ಉಣ್ಣೋದು ನಾನು. ನಿಮ್ಮನೇಲಿ ಎರಡೊತ್ತೂ ಚಪಾತಿ. ನನ್ ಬಾಯಲ್ಲಿ ಹಲ್ಲೆಲ್ಲಿ ಅವೆ? ಇಟ್ಟಾದ್ರೆ ನುಂಗ್ಬೋದು. ಬಂದ ಒಸದ್ರಲ್ಲೇ ಇವ್ಳು ಒಂದು ಬಟ್ಲು ಸೊಪ್ಪಿನ ಸಾರು ತಂದು, 'ನಿಮ್ಮ ಲೇಔಟ್ನೋರು ಬಾಗ್ಲು ಬುಟ್ಕೊಟ್ಟಿದ್ದಕ್ಕೆ ಕೊಸರು ಕಣವ್ವ' ಅಂತ ಕೊಟ್ಳು. ಮಾರ್ನೆ ದಿನ್ದಿಂದ ನಾನೇ ಬತ್ತಾ ಇವ್ನಿ. ಕಾಸು ಕೊಟ್ರೂ ಈಸ್ಕಳಲ್ಲ ಮುಂಡೇದು. ಆ ಬಾಗ್ಲು ಮುಚ್ಚು ನೀನು, ಕೋಲೂರ್ಕಂಡು ಅವಳೆಲ್ಲಿ ಒಲೆ ಹಚ್ತಾಳೋ ಅಲ್ಗೇ ಓಯ್ತೀನಿ. ಬಸ್ಸತ್ತಿ ಓಯ್ತೀನಿ ಕಣ್ಲಾ, ನೋಡ್ತಿರು!"

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ನಮ್ಮನೆಗೂ ಸಾರು ಬರುತ್ತೆ" ಎಂದರು. ಇನ್ನೊಬ್ಬರು ಕೆಮ್ಮಿದರು. ಆ ಕೆಮ್ಮಿನಲ್ಲೂ ಸಾರಿನ ಘಮ ಇದ್ದಂತೆ ಕಂಡಿತು. ನನಗೆ ಹೊಳಲಿನ ಕೆಂಚೇಗೌಡರ ಅಕ್ಕಿ ಮೂಟೆ ನೆನಪಾಯಿತು. ಪುಟ್ಟಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅಧಿಕಾರಿಯಾಗಿದ್ದವರು ಸಭೆಯನ್ನು ತೀರ್ಮಾನವಿಲ್ಲದೆ ಮುಗಿಸಲಾರರು. ಸದಾಶಿವಯ್ಯ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ತಾಯಿಯ ಕಡೆ ನೋಡದೆ ಹೇಳಿದರು: "ಆ ಹಿತ್ತಲ ಬಾಗಿಲು ತೆಗೆಯುವಾಗ ಬಹಳ ಕಿರುಗುಟ್ಟುತ್ತದೆ. ಕೀಲುಗಳಿಗೆ ಎಣ್ಣೆ ಹಾಕಿಸತಕ್ಕದ್ದು ಎಂದು ಸಭೆ ತೀರ್ಮಾನಿಸಿದೆ."

ಯಾರೂ ವಿರೋಧಿಸಲಿಲ್ಲ. ನಿಂಗಣ್ಣ ಆಗಲೇ ಎಣ್ಣೆ ತರಲು ಓಡಿದ್ದ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು, ಮೊಪೆಡ್ಡು ಮರೆತು.

ಸೈರನ್ ಆಯಿತು. ಪುಟ್ಟಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು. ಬಾಗಿಲು ಕಿರುಗುಟ್ಟಿತು, ಜನ ಬಂದರು. ನನಗೂ ಒಂದು ತಟ್ಟೆ ಬಂತು. ಕಲ್ಲಿನ ಕಟ್ಟೆಯ ಮೇಲೆ ಹೊಸ ಎಸರಿಗೆ ಕೋಲು ಬಿದ್ದಿತ್ತು, ಪುಟ್ಟಮ್ಮ ಮೈಭಾರವೆಲ್ಲ ಬಿಟ್ಟು ತಿರುವುತ್ತಿದ್ದರು. ಇಷ್ಟು ವರ್ಷದಲ್ಲಿ ನಾನು ಕೊಡಿಸಿದ ಕೊಸರುಗಳಲ್ಲಿ ಇದೊಂದರ ಮುಂದೆ ಕೂತು ಉಣ್ಣುವ ಭಾಗ್ಯ ಸಿಕ್ಕಿತಲ್ಲ ಎಂದು ಮನಸ್ಸು ತುಂಬಿ ಬಂತು. ಈಗಲೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗುತ್ತೇನೆ.

ಅಂದು ತಟ್ಟೆ ಖಾಲಿಯಾಗುತ್ತಿದ್ದ ಹಾಗೆ ಇನ್ನೊಂದು ಅರ್ಧ ಮುದ್ದೆ ಬಂದು ಬಿತ್ತು.

"ನಾನು ಕೇಳಲಿಲ್ಲವಲ್ಲಮ್ಮ" ಎಂದೆ.

"ಕೇಳ್ದೆ ಇದ್ದೋರ್ಗೂ ಆಕ್ಬೇಕಲ್ಲ. ಸುಮ್ಕೆ ನುಂಗಿ ಚಕ್ಲಿ ಸ್ವಾಮಿ."

ನುಂಗಿದೆ. ಹಲ್ಲಿಗೆ ತಾಗಿಸಲಿಲ್ಲ.